ಲಕ್ವ ಹೊಡೆದಾಗ ಮೆದುಳಿನ ರಕ್ತದ ಲೆಕ್ಕ ಹಾಕುವ ಕಂಪ್ಯೂಟರ್

ಒಂದೇ ವಯಸ್ಸಿನ ಇಬ್ಬರಿಗೆ ಲಕ್ವ ಹೊಡೆಯುತ್ತದೆ. ಇಬ್ಬರಲ್ಲೂ ಮೆದುಳಿನ ಅದೇ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಸಿಕ್ಕಿಕೊಂಡಿದೆ. ಆರು ಗಂಟೆ ಕಳೆಯುವಷ್ಟರಲ್ಲಿ ಒಬ್ಬರ ಮೆದುಳಿನ ದೊಡ್ಡ ಭಾಗವೇ ಸತ್ತಿರುತ್ತದೆ. ಇನ್ನೊಬ್ಬರದ್ದನ್ನು ಇನ್ನೂ ಉಳಿಸಬಹುದು. ಯಾಕೆ ಹೀಗೆ?

ಗದ್ದೆಗೆ ನೀರು ಹಾಯಿಸುವವರಿಗೆ ಉತ್ತರ ಸುಲಭ. ದೊಡ್ಡ ಕಾಲುವೆ ಕಟ್ಟಿಕೊಂಡರೂ ಪಕ್ಕದ ಕಾಲುವೆಯಿಂದ ಒಂದಿಷ್ಟು ನೀರು ಬಂದರೆ ಬೆಳೆ ಬಾಡುತ್ತದೆ, ಕೂಡಲೇ ಒಣಗುವುದಿಲ್ಲ. ಮೆದುಳಿನ ಬುಡದಲ್ಲೂ ರಕ್ತನಾಳಗಳು ಉಂಗುರದಂತೆ ಕೂಡಿಕೊಂಡಿವೆ. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1664ರಲ್ಲಿ ಇದನ್ನು ವಿವರಿಸಿದ್ದರಿಂದ ಇದಕ್ಕೆ ಅವರದೇ ಹೆಸರಿದೆ. ಆದರೆ ಎಲ್ಲರಲ್ಲೂ ಉಂಗುರ ಪೂರ್ತಿಯಾಗಿರುವುದಿಲ್ಲ. ಕೆಲವರಲ್ಲಿ ಒಂದೆರಡು ಕೊಂಡಿ ತೀರಾ ಸಣ್ಣ, ಕೆಲವರಲ್ಲಿ ಇಲ್ಲವೇ ಇಲ್ಲ.

ವಿಜ್ಞಾನಿಗಳು ಈ ನಾಳಗಳ ಜಾಲವನ್ನು ಕಂಪ್ಯೂಟರಿನಲ್ಲಿ ಕೊಳವೆಗಳಂತೆ ಕಟ್ಟುತ್ತಾರೆ. ಪ್ರತಿ ನಾಳದ ಉದ್ದ, ಅಗಲ, ರಕ್ತದ ಒತ್ತಡ ಕೊಟ್ಟು, ಒಂದು ಕಡೆ ಅಡ್ಡಗಟ್ಟಿದರೆ ಉಳಿದ ಕಡೆ ಎಷ್ಟು ರಕ್ತ ಹರಿದೀತು ಎಂದು ಲೆಕ್ಕ ಹಾಕುತ್ತಾರೆ. ಇಲ್ಲಿ ಅಗಲವೇ ಮುಖ್ಯ. ಒತ್ತಡ ಅಷ್ಟೇ ಇದ್ದು ನಾಳದ ಅಗಲ ಅರ್ಧಕ್ಕಿಳಿದರೆ ಹರಿವು ಅರ್ಧವಾಗುವುದಿಲ್ಲ, ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ! ಯುರೋಪಿನಲ್ಲಿ 2017ರಲ್ಲಿ ಆರಂಭವಾದ 'ಇನ್‌ಸಿಸ್ಟ್' ಯೋಜನೆ ಇಂಥ ಕಂಪ್ಯೂಟರ್ ರೋಗಿಗಳ ಮೇಲೆ ಚಿಕಿತ್ಸೆಗಳನ್ನು ಪರೀಕ್ಷಿಸುವ ದಾರಿ ಹುಡುಕಿತು.

ಆರೋಗ್ಯವಂತರ 100 ಗ್ರಾಂ ಮೆದುಳಿಗೆ ನಿಮಿಷಕ್ಕೆ ಸುಮಾರು 50 ಮಿ.ಲೀ. ರಕ್ತ ಬರುತ್ತದೆ. ಅದು 20ಕ್ಕಿಂತ ಕೆಳಗಿಳಿದರೆ ಜೀವಕೋಶಗಳು ಕೆಲಸ ನಿಲ್ಲಿಸುತ್ತವೆ, ಆದರೆ ಸ್ವಲ್ಪ ಹೊತ್ತು ಜೀವಂತವಾಗಿರುತ್ತವೆ. 10ಕ್ಕಿಂತ ಕಡಿಮೆಯಾದರೆ ಬೇಗನೆ ಸಾಯುತ್ತವೆ. ಬಾಡಿದ ಭಾಗ ಯಾವುದು, ಒಣಗಿದ ಭಾಗ ಯಾವುದು? ಚಿಕಿತ್ಸೆ ನಿಂತಿರುವುದು ಈ ಗುರುತಿನ ಮೇಲೆ.

ದೊಡ್ಡ ಆಸ್ಪತ್ರೆಗಳಲ್ಲಿ ಈ ಗುರುತು ಹಿಡಿಯಲು ಒಂದು ವಿಶೇಷ ಸಿ.ಟಿ. ಸ್ಕ್ಯಾನ್ ಇದೆ. ರಕ್ತಕ್ಕೆ ಬಣ್ಣದ ಔಷಧಿ ಚುಚ್ಚಿ ಒಂದರ ಹಿಂದೊಂದು ಚಿತ್ರ ತೆಗೆಯುತ್ತಾರೆ. ಔಷಧಿ ಎಲ್ಲಿಗೆ ಎಷ್ಟು ತಡವಾಗಿ ತಲುಪಿತು ಎಂಬುದನ್ನು ನೋಡಿ ಕಂಪ್ಯೂಟರ್ ನಿಮಿಷಗಳಲ್ಲೇ ನಕ್ಷೆ ಕೊಡುತ್ತದೆ. ಇಂಥ ನಕ್ಷೆ ನೋಡಿ ಆರಿಸಿದ ರೋಗಿಗಳಿಗೆ, ಹೆಪ್ಪನ್ನು ತಂತಿಯಂಥ ಸಾಧನದಿಂದ ಹೊರತೆಗೆಯುವ ಚಿಕಿತ್ಸೆ ತಡವಾದರೂ ಫಲ ಕೊಡುತ್ತದೆ ಎಂದು 2018ರಲ್ಲಿ ಪ್ರಕಟವಾದ ಎರಡು ಪರೀಕ್ಷೆಗಳು ತೋರಿಸಿದವು. 'ಡಾನ್' ಪರೀಕ್ಷೆಯಲ್ಲಿ 24 ಗಂಟೆವರೆಗೆ, 'ಡಿಫ್ಯೂಸ್ 3'ರಲ್ಲಿ 16 ಗಂಟೆವರೆಗೆ.

ಹಾಗಾದರೆ ಬೆಳಗಾಗಲಿ, ಆಮೇಲೆ ಹೋದರಾಯಿತು ಎನ್ನಬಹುದೇ? ಖಂಡಿತ ಬೇಡ. ಪಕ್ಕದ ಕಾಲುವೆ ನಿಮ್ಮ ಮೆದುಳಿನಲ್ಲಿ ಹೇಗಿದೆ ಎಂಬುದು ಸ್ಕ್ಯಾನ್ ಆಗುವ ತನಕ ಯಾರಿಗೂ ಗೊತ್ತಿರುವುದಿಲ್ಲ. ದೊಡ್ಡ ನಾಳ ಕಟ್ಟಿದಾಗ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬುದು 2006ರ ಒಂದು ಅಂದಾಜು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು, ಮೆದುಳಿನಲ್ಲಿ ರಕ್ತಸ್ರಾವ ಆಗಿಲ್ಲವೆಂದು ಸ್ಕ್ಯಾನ್ ಮಾಡಿ ಖಚಿತಪಡಿಸಿಕೊಳ್ಳಬೇಕು.

ಬಾಯಿ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಸೋತು ಬಿದ್ದರೆ, ಮಾತು ತೊದಲಿದರೆ ಗಡಿಯಾರ ನೋಡಿ ಸಮಯ ಬರೆದಿಟ್ಟುಕೊಳ್ಳಿ. ಗಡಿಯ ಆಚೆಗೂ ಈಚೆಗೂ ಆಂಬುಲೆನ್ಸ್ ನಂಬರು ಒಂದೇ, 108. ಹತ್ತಿರದಲ್ಲಿ ಹಗಲೂ ರಾತ್ರಿ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆ ಯಾವುದು, ಅದು ಯಾವ ರಾಜ್ಯದಲ್ಲೇ ಇರಲಿ, ಈಗಲೇ ವಿಚಾರಿಸಿ ಇಟ್ಟುಕೊಳ್ಳಿ.