ಕಡೆಗಾಲದ ಶುಶ್ರೂಷೆ: ಒಳ್ಳೆಯದನ್ನು ಗುರುತಿಸುವ ಬಗೆ

ಕಾಯಿಲೆಯು ವಾಸಿಯಾಗುವಂತಹುದಲ್ಲವೆಂದು ವೈದ್ಯರು ಹೇಳಿದ ಮೇಲೆ ರೋಗಿಯನ್ನು ಯಾರ ಕೈಗೆ ಒಪ್ಪಿಸುವುದು ಎಂಬ ಪ್ರಶ್ನೆಯು ಈಚಿನ ವರ್ಷಗಳಲ್ಲಿ ನಮ್ಮ ಸಂಘದ ಸದಸ್ಯರ ಮನೆಗಳಲ್ಲಿ ಹಲವು ಬಾರಿ ಎದ್ದಿದೆ. ಶಾಲೆಯ ಮಕ್ಕಳ ತಂದೆತಾಯಿಗಳು ಕಾರ್ಯದರ್ಶಿಗಳ ಬಳಿಗೆ ಬಂದು, "ಇಂಥ ಕಡೆ ಒಂದು ಸೇವಾಕೇಂದ್ರವಿದೆಯಂತೆ, ಒಳ್ಳೆಯದೇ? ನಮ್ಮ ಅಜ್ಜಿಯನ್ನು ಅಲ್ಲಿಗೆ ಸೇರಿಸಬಹುದೇ?" ಎಂದು ಕೇಳುವುದುಂಟು. ಇಂತಹ ಕೇಂದ್ರವೊಂದಕ್ಕೆ ನಮ್ಮ ಪರೋಪಕಾರ ನಿಧಿಯಿಂದ ಸಹಾಯಧನ ಕೊಡಬೇಕೆಂಬ ಸೂಚನೆಯೂ ಕಾರ್ಯಕಾರೀ ಸಮಿತಿಯ ಮುಂದೆ ಬಂದಿತ್ತು. ಒಂದು ಶಾಲೆಯನ್ನು ಪರೀಕ್ಷಿಸುವುದು ಹೇಗೆಂಬುದು ನಮಗೆ ಅಷ್ಟಿಷ್ಟು ಗೊತ್ತು. ಸಾವಿನ ಸಮೀಪಕ್ಕೆ ಬಂದವರನ್ನು ನೋಡಿಕೊಳ್ಳುವ ಸ್ಥಳವನ್ನು ಪರೀಕ್ಷಿಸುವುದು ಹೇಗೆಂಬುದು ಸಮಿತಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ವೈದ್ಯರನ್ನೂ ದಾದಿಯರನ್ನೂ ಕೇಳಿ, ಓದಿ, ಕಂಡು ತಿಳಿದುಕೊಂಡುದನ್ನು ಇಲ್ಲಿ ವಾಚಕರ ಮುಂದಿಡುತ್ತೇವೆ.

ಇಂತಹ ಆಶ್ರಯಸ್ಥಾನಕ್ಕೆ ಇಂಗ್ಲಿಷಿನವರು ಇಟ್ಟ ಹಾಸ್ಪಿಸ್ ಎಂಬ ಹೆಸರು ನಮ್ಮಲ್ಲಿಯೂ ಬಳಕೆಗೆ ಬಂದಿದೆ. ಅಲ್ಲಿ ನಡೆಯುವ ಕೆಲಸಕ್ಕೆ ಉಪಶಾಮಕ ಶುಶ್ರೂಷೆ ಎನ್ನಬಹುದು. ರೋಗವನ್ನು ಗೆಲ್ಲಲಾಗದಿದ್ದರೂ ರೋಗದ ಬಾಧೆಯನ್ನು ತಗ್ಗಿಸುವುದು ಅದರ ಗುರಿ. ಮೊದಲು ದಾದಿಯಾಗಿಯೂ ಆಮೇಲೆ ವೈದ್ಯೆಯಾಗಿಯೂ ದುಡಿದ ಸಿಸಿಲಿ ಸಾಂಡರ್ಸ್ ಎಂಬ ಮಹಿಳೆಯು 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಸಂಸ್ಥೆಯನ್ನು ತೆರೆದುದು ಈ ಕಾರ್ಯದ ಹೊಸ ಯುಗಕ್ಕೆ ಆರಂಭ. ನಮ್ಮ ದೇಶದಲ್ಲಿ 1986ರಲ್ಲಿ ಮುಂಬಯಿಯ ಶಾಂತಿ ಅವೇದನಾ ಆಶ್ರಮವೂ, 1993ರಲ್ಲಿ ಕಲ್ಲಿಕೋಟೆಯ ಉಪಶಾಮಕ ಶುಶ್ರೂಷಾ ಸಂಘವೂ ಹುಟ್ಟಿದವು. ಬೆಂಗಳೂರಿನ ಕರುಣಾಶ್ರಯವು 1995ರಲ್ಲಿ ಮನೆಮನೆಗೆ ಹೋಗಿ ಶುಶ್ರೂಷೆ ಮಾಡುವುದರಿಂದ ತೊಡಗಿ, 1999ರಲ್ಲಿ ಮಾರತ್ತಹಳ್ಳಿಯ ಬಳಿ ತನ್ನದೇ ಕಟ್ಟಡದಲ್ಲಿ ಕ್ಯಾನ್ಸರ್ ರೋಗಿಗಳನ್ನು ಇರಿಸಿಕೊಳ್ಳತೊಡಗಿತು. ಅಲ್ಲಿ ರೋಗಿಗಳಿಂದ ಹಣ ಪಡೆಯುವುದಿಲ್ಲ.

ಒಂದು ಕಾಲಕ್ಕೆ ನಮ್ಮ ಸೀಮೆಯೆಲ್ಲ ಸೇಲಂ ಜಿಲ್ಲೆಯೇ ಆಗಿತ್ತು. 1965ರಲ್ಲಿ ಧರ್ಮಪುರಿಯೂ, 2004ರಲ್ಲಿ ಕೃಷ್ಣಗಿರಿಯೂ ಬೇರೆಯಾದವು. ಕಾಯಿಲೆ ಬಲಿತಾಗ ಹೊಸೂರು, ಡೆಂಕಣಿಕೋಟೆ, ತಳಿ ಕಡೆಯ ಕನ್ನಡಿಗರು ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗುವುದು ವಾಡಿಕೆ. ಸೇಲಂ, ಧರ್ಮಪುರಿಯವರು ಊರಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ, ಮದರಾಸಿನ ಅಡಯಾರಿಗೋ ಹೋಗುತ್ತಾರೆ. ಚಿಕಿತ್ಸೆಯೆಲ್ಲ ಮುಗಿದು "ಇನ್ನು ಮನೆಗೆ ಕರೆದುಕೊಂಡು ಹೋಗಿ" ಎಂಬ ಮಾತು ಬಂದಾಗ ಎಲ್ಲರೂ ಹಿಂದಿರುಗುವುದು ತಮ್ಮ ಹಳ್ಳಿಗೇ. ಆದುದರಿಂದ ನಮಗೆ ಬೇಕಾದ ಶುಶ್ರೂಷೆಯು ಬಹುಪಾಲು ಮನೆಯ ಬಾಗಿಲಿಗೇ ಬರುವಂತಹುದಾಗಿರಬೇಕು. ತಮಿಳುನಾಡು ಸರ್ಕಾರವು "ಮಕ್ಕಳೈ ತೇಡಿ ಮರುತ್ತುವಂ" ಎಂಬ ಯೋಜನೆಯನ್ನು 2021ರ ಆಗಸ್ಟ್ 5ರಂದು ಪ್ರಾರಂಭಿಸಿದುದು ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿ ಗ್ರಾಮದಲ್ಲಿಯೇ. ರಕ್ತದ ಒತ್ತಡ, ಸಕ್ಕರೆ ಕಾಯಿಲೆಗಳ ಮಾತ್ರೆಗಳನ್ನು ಮನೆಗೆ ತಲಪಿಸುವ ಯೋಜನೆಯೆಂದೇ ಹಲವರು ಅದನ್ನು ತಿಳಿದಿದ್ದಾರೆ. ಹಾಸಿಗೆ ಹಿಡಿದವರಿಗೆ ಉಪಶಾಮಕ ಶುಶ್ರೂಷೆಯೂ ಅದರಲ್ಲಿ ಸೇರಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿದರೆ ವಿವರ ತಿಳಿಯುತ್ತದೆ. ಇದಲ್ಲದೆ ಧರ್ಮಸಂಸ್ಥೆಗಳು ನಡೆಸುವ ಕೇಂದ್ರಗಳೂ, ಹಣ ಪಡೆದು ದಾದಿಯನ್ನು ಕಳುಹಿಸುವ ಸಂಸ್ಥೆಗಳೂ ಅಲ್ಲಲ್ಲಿ ಇವೆ. ಇವುಗಳಲ್ಲಿ ಗಟ್ಟಿ ಯಾವುದು, ಜೊಳ್ಳು ಯಾವುದು ಎಂಬುದನ್ನು ತಿಳಿಯುವುದೇ ಕಷ್ಟ.

ಸಾಧಾರಣ ಆಸ್ಪತ್ರೆಯನ್ನು ಗುಣವಾದವರ ಸಂಖ್ಯೆಯಿಂದ ಅಳೆಯುತ್ತೇವೆ. ಇಲ್ಲಿ ಆ ಅಳತೆಗೋಲು ನಡೆಯದು. ಇಲ್ಲಿಗೆ ಬಂದವರಲ್ಲಿ ಬಹುಮಂದಿ ತೀರಿಕೊಳ್ಳುವವರೇ. ಶುಶ್ರೂಷೆ ಹೇಗಿತ್ತೆಂದು ಚೆನ್ನಾಗಿ ಬಲ್ಲವರು ಹಿಂದಿರುಗಿ ಬಂದು ಸಾಕ್ಷ್ಯ ಹೇಳಲಾರರು. ಮನೆಯವರ ಕೃತಜ್ಞತೆಯನ್ನು ನಂಬೋಣವೆಂದರೆ, ದುಃಖದಲ್ಲಿರುವವರು ಒಂದು ಒಳ್ಳೆಯ ಮಾತಿಗೇ ಕೈಮುಗಿದುಬಿಡುತ್ತಾರೆ. ಅದು ತಪ್ಪಲ್ಲ, ಆದರೆ ಪ್ರಮಾಣವೂ ಅಲ್ಲ. ಕಟ್ಟಡದ ಅಂದ, ದಾನಿಗಳ ಹೆಸರು ಕೊರೆದ ಅಮೃತಶಿಲೆಯ ಫಲಕ, ಗೋಡೆಯ ಮೇಲಿನ ಪ್ರಶಸ್ತಿಪತ್ರಗಳು, ಇವುಗಳಿಂದಲೂ ಏನೂ ತಿಳಿಯದು.

ನಮಗೆ ತಿಳಿದಮಟ್ಟಿಗೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: "ನಿಮ್ಮಲ್ಲಿ ಬಾಯಿಂದ ನುಂಗುವ ಮಾರ್ಫಿನ್ ಇದೆಯೇ?" ಕ್ಯಾನ್ಸರಿನ ಕಡು ನೋವಿಗೆ ಇದು ಮುಖ್ಯವಾದ ಮದ್ದು. ಅಫೀಮಿನಿಂದ ತೆಗೆಯುವ ಈ ಔಷಧಕ್ಕೆ ಬೆಲೆ ಅಲ್ಪವೇ. ಅಫೀಮನ್ನು ಕಾನೂನಿನ ಪ್ರಕಾರ ಬೆಳೆದು ಹೊರದೇಶಗಳಿಗೂ ಒದಗಿಸುವ ನಮ್ಮ ದೇಶದಲ್ಲಿಯೇ ನಮ್ಮ ರೋಗಿಗಳು ಅದಿಲ್ಲದೆ ನರಳಿದರೆಂಬುದು ವಿಪರ್ಯಾಸ. 1985ರ ಮಾದಕವಸ್ತು ಕಾನೂನು ಬಂದ ಮೇಲೆ ಹಲವು ಪರವಾನಗಿಗಳ ತೊಡಕಿಗೂ ಶಿಕ್ಷೆಯ ಭಯಕ್ಕೂ ಅಂಜಿ ಆಸ್ಪತ್ರೆಗಳೂ ಔಷಧದಂಗಡಿಗಳೂ ಅದನ್ನು ಇಡುವುದನ್ನೇ ಬಿಟ್ಟವು. ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ದೇಶದ ಒಟ್ಟು ಬಳಕೆಯು ಹತ್ತರಲ್ಲೊಂದು ಪಾಲಿಗಿಂತಲೂ ಕೆಳಕ್ಕಿಳಿಯಿತು. 2014ರಲ್ಲಿ ಪಾರ್ಲಿಮೆಂಟು ಆ ಕಾನೂನನ್ನು ತಿದ್ದಿ, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಮಾರ್ಫಿನನ್ನು ಇರಿಸಿಕೊಳ್ಳುವುದನ್ನು ಸುಲಭಗೊಳಿಸಿತು. ಆದುದರಿಂದ "ಸರ್ಕಾರ ಬಿಡುವುದಿಲ್ಲ" ಎಂಬ ಉತ್ತರ ಈಗ ಪೂರ್ತಿ ಸರಿಯಲ್ಲ. ಆ ಮಾನ್ಯತೆಯಿದೆಯೇ, ಇಲ್ಲದಿದ್ದರೆ ಮಾರ್ಫಿನನ್ನು ಎಲ್ಲಿಂದ ತರಿಸಿಕೊಡುತ್ತೀರಿ ಎಂದು ಕೇಳಲು ನಾವು ಸಂಕೋಚಪಡಬೇಕಾಗಿಲ್ಲ.

ಮದ್ದು ಇದ್ದರಷ್ಟೇ ಸಾಲದು, ಕೊಡುವ ಕ್ರಮವನ್ನೂ ನೋಡಬೇಕು. ಸಾಮಾನ್ಯವಾದ ಮಾರ್ಫಿನ್ ಮಾತ್ರೆಯ ಗುಣವು ಸುಮಾರು 4 ಗಂಟೆಗಳ ಕಾಲ ಇರುತ್ತದೆ. ಒಳ್ಳೆಯ ಕೇಂದ್ರದಲ್ಲಿ ಗಡಿಯಾರ ನೋಡಿ, ನೋವು ಮರಳುವ ಮುಂಚೆಯೇ ಮುಂದಿನ ಮಾತ್ರೆ ಕೊಡುತ್ತಾರೆ. ರೋಗಿಯು ಕೂಗಿಕೊಂಡ ಮೇಲೆ ಮಾತ್ರ ಕೊಡುವ ಕಡೆ ಕೆಲಸ ಸರಿಯಿಲ್ಲವೆಂದೇ ತಿಳಿಯಬೇಕು. ಇನ್ನೊಂದು ಸಣ್ಣ ಗುರುತಿದೆ, ಅದನ್ನು ವಯಸ್ಸಾದ ದಾದಿಯೊಬ್ಬರು ನಮಗೆ ಹೇಳಿಕೊಟ್ಟರು. ಮಾರ್ಫಿನ್ ಸೇವಿಸುವವರಿಗೆ ಸಾಮಾನ್ಯವಾಗಿ ಮಲಬದ್ಧತೆಯಾಗುತ್ತದೆ. ಆದುದರಿಂದ ಬಲ್ಲವರು ಮೊದಲ ದಿನದಿಂದಲೇ ಜೊತೆಗೊಂದು ಭೇದಿಯ ಮದ್ದನ್ನು ಬರೆಯುತ್ತಾರೆ. ಚೀಟಿಯಲ್ಲಿ ಒಂದಿದ್ದು ಇನ್ನೊಂದಿಲ್ಲದಿದ್ದರೆ ಬರೆದವರಿಗೆ ಈ ವಿದ್ಯೆ ಅಭ್ಯಾಸವಾಗಿಲ್ಲವೆಂದು ಊಹಿಸಬಹುದು. ಮಾರ್ಫಿನ್ ಚಟವಾದೀತು, ಆಯುಸ್ಸು ಕಡಿಮೆಯಾದೀತು ಎಂಬ ಹೆದರಿಕೆಯು ನಮ್ಮ ಮನೆಗಳಲ್ಲಿ ಬಹಳವಾಗಿದೆ. ನೋವಿನ ಅಳತೆಗೆ ತಕ್ಕಂತೆ ಬಲ್ಲವರು ಕೊಟ್ಟಾಗ ಈ ಭಯಕ್ಕೆ ಆಧಾರವಿಲ್ಲ. ಇದನ್ನು ಮನೆಯವರಿಗೆ ಕುಳಿತು ತಾಳ್ಮೆಯಿಂದ ತಿಳಿಯಹೇಳುವುದೂ ಆ ಕೇಂದ್ರದ ಕರ್ತವ್ಯವೇ.

ಎರಡನೆಯ ಸಂಗತಿಯು ನಮ್ಮಂಥವರಿಗೆ ವಿಶೇಷವಾಗಿ ಸಂಬಂಧಿಸಿದ್ದು. ನೋವನ್ನು ಯಂತ್ರದಿಂದ ಅಳೆಯಲಾಗದು, ರೋಗಿಯ ಬಾಯಿಂದಲೇ ಕೇಳಬೇಕು. ಸೊನ್ನೆಯಿಂದ ಹತ್ತರವರೆಗೆ ಎಷ್ಟು ನೋವೆಂದು ದಿನದಿನವೂ ಕೇಳಿ ಬರೆದಿಡುವ ಪದ್ಧತಿ ಒಳ್ಳೆಯ ಕೇಂದ್ರಗಳಲ್ಲಿದೆ. ಆದರೆ ಎಷ್ಟು ಎಂಬುದರಷ್ಟೇ ಎಂತಹುದು ಎಂಬುದೂ ಮುಖ್ಯ. ನಮ್ಮ ಹಳ್ಳಿಯ ಹೆಂಗಸರು ನೋವೆಂದು ಒಂದೇ ಮಾತಿನಲ್ಲಿ ಹೇಳಿಬಿಡುವುದಿಲ್ಲ. ಉರಿ, ಚಳುಕು, ಸೆಳೆತ, ಜೋಮು ಎಂದು ಬಿಡಿಸಿ ಹೇಳುತ್ತಾರೆ. ಇವು ಬರಿಯ ಶಬ್ದಾಡಂಬರವಲ್ಲ. ಉರಿ, ಮಿಂಚಿನಂತಹ ಚಳುಕು, ಜೋಮು ಇವು ನರಕ್ಕೆ ತಗಲಿದ ನೋವಿನ ಲಕ್ಷಣಗಳು. ಅದಕ್ಕೆ ಮಾರ್ಫಿನ್ ಒಂದೇ ಸಾಲದೆ ಹಲವು ವೇಳೆ ಬೇರೆ ಮಾತ್ರೆಯೂ ಬೇಕಾಗುತ್ತದೆ. ಮಾತನ್ನು ತಪ್ಪಾಗಿ ತಿಳಿದರೆ ಮದ್ದೂ ತಪ್ಪುತ್ತದೆ.

ನಮ್ಮ ಶಾಲೆಯಲ್ಲಿ ಹಿಂದೆ ಉಪಾಧ್ಯಾಯರಾಗಿದ್ದ ಹಿರಿಯರೊಬ್ಬರಿಗೆ ಹೀಗೆಯೇ ಆಯಿತು. ಜೀವಮಾನವೆಲ್ಲ ತಮಿಳನ್ನು ಸರಾಗವಾಗಿ ಆಡಿದವರು ಅವರು. ಕಾಯಿಲೆ ಬಲಿತ ಮೇಲೆ ಅವರ ಬಾಯಲ್ಲಿ ಕನ್ನಡವಲ್ಲದೆ ಬೇರೆ ಬರಲಿಲ್ಲ. "ಕಾಲೆಲ್ಲ ಉರಿ, ಉರಿ" ಎನ್ನುತ್ತಿದ್ದರು. ತಮಿಳಿನಲ್ಲಿ ಉರಿ ಎಂದರೆ ಸುಲಿಯುವುದು. ದಾದಿಯು ಚರ್ಮ ಸುಲಿದಿದೆಯೆಂದು ತಿಳಿದು, ಕಾಲನ್ನು ತಿರುಗಿಸಿ ನೋಡಿ, ಮುಲಾಮು ಹಚ್ಚಿ ಹೋದಳು. ಆಕೆಯಲ್ಲಿ ಅಕ್ಕರೆಗೆ ಕೊರತೆಯಿರಲಿಲ್ಲ. ನಾಲ್ಕು ದಿನ ಹೀಗೆಯೇ ಕಳೆಯಿತು. ನಮ್ಮಲ್ಲಿ ಎಂಟನೆಯ ತರಗತಿಯಲ್ಲಿ ಓದುತ್ತಿದ್ದ ಮೊಮ್ಮಗಳು ಭಾನುವಾರ ನೋಡಲು ಹೋದಾಗ, "ತಾತ ಹೇಳುವುದು ಎರಿಚ್ಚಲ್, ಸಿಸ್ಟರ್" ಎಂದಳು. ಆ ಸಂಜೆಯೇ ವೈದ್ಯರು ನರದ ನೋವಿನ ಮಾತ್ರೆಯನ್ನು ಸೇರಿಸಿದರು. ಕೆಲವು ದಿನಗಳಲ್ಲಿ ಅವರಿಗೆ ರಾತ್ರಿ ನಿದ್ದೆ ಹತ್ತಿತು. ಕನ್ನಡ ಶಾಲೆ ಏತಕ್ಕೆಂದು ಕೇಳುವವರು ನಮ್ಮ ನಡುವೆಯೂ ಇದ್ದಾರೆ. ಆ ನಾಲ್ಕು ದಿನಗಳ ವಿಷಯವನ್ನು ಅವರಿಗೂ ಹೇಳಿದ್ದೇವೆ. ಆದುದರಿಂದ ಕೇಂದ್ರದಲ್ಲಿ ರೋಗಿಯ ಮನೆಮಾತು ಬಲ್ಲವರು ಒಬ್ಬರಾದರೂ ಇದ್ದಾರೆಯೇ, ಇಲ್ಲದಿದ್ದರೆ ಬಲ್ಲವರನ್ನು ಕರೆಸುತ್ತಾರೆಯೇ ಎಂದು ವಿಚಾರಿಸಬೇಕು.

ಇನ್ನು ದೇಹದ ಸಂಗತಿ. ಭೇಟಿಗೆ ಹೋದಾಗ ಹೊದಿಕೆ ಸರಿಸಿ ಹಿಮ್ಮಡಿಯನ್ನೂ ಸೊಂಟದ ಹಿಂಭಾಗವನ್ನೂ ನೋಡಿರಿ. ಹಾಸಿಗೆಹುಣ್ಣು ಮೊದಲು ಏಳುವುದು ಅಲ್ಲಿಯೇ. ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಕಡೆ ಅದು ವಿರಳ. ಬಾಯನ್ನು ನೋಡಿರಿ, ತುಟಿ ಒಡೆದು ನಾಲಗೆ ಒಣಗಿದ್ದರೆ ಆ ದಿನ ಯಾರೂ ಹತ್ತಿರ ಕುಳಿತಿಲ್ಲ. ಮನೆಗೆ ಬಂದು ನೋಡುವ ಸಂಸ್ಥೆಯಾದರೆ, ಮಗ್ಗುಲಾಗಿಸುವುದನ್ನೂ ಬಾಯಿ ಒರೆಸುವುದನ್ನೂ ಮನೆಯವರಿಗೆ ಕಲಿಸಿ ಹೋಗುತ್ತಾರೆಯೇ, ನಡುರಾತ್ರಿಯಲ್ಲಿ ಉಸಿರು ಕಟ್ಟಿದಾಗ ಟೆಲಿಫೋನಿಗೆ ಉತ್ತರ ಕೊಡುವವರಿದ್ದಾರೆಯೇ ಎಂಬುದು ಮುಖ್ಯ. ಹಗಲು 10 ಗಂಟೆಯಿಂದ 5ರವರೆಗೆ ಮಾತ್ರ ಸಾಯುವುದೆಂಬ ನಿಯಮ ಯಾರಿಗೂ ಇಲ್ಲವಷ್ಟೆ.

ಕಡೆಯ ದಿನಗಳಲ್ಲಿ ಊಟ ನಿಂತಾಗ ಮನೆಯವರು "ಗ್ಲೂಕೋಸನ್ನಾದರೂ ಏರಿಸಿ" ಎಂದು ಹಟ ಹಿಡಿಯುತ್ತಾರೆ. ಕೇಳಿದ ಕೂಡಲೇ ಏರಿಸಿ ಬೆಲೆ ಕಟ್ಟುವ ಸ್ಥಳವೇ ಒಳ್ಳೆಯದೆಂದು ನಾವೂ ತಿಳಿದಿದ್ದೆವು. ಆ ಅವಸ್ಥೆಯಲ್ಲಿ ದೇಹಕ್ಕೆ ನೀರು ಬೇಕಾಗಿರುವುದಿಲ್ಲವೆಂದೂ, ಏರಿಸಿದುದು ಎದೆಯಲ್ಲಿ ಕಫವಾಗಿ, ಕೈಕಾಲಲ್ಲಿ ಊತವಾಗಿ ಬಾಧಿಸಬಹುದೆಂದೂ ಅನಂತರ ತಿಳಿಯಿತು. ಬಲ್ಲವರು ಇದನ್ನು ವಿವರಿಸಿ, ಒದ್ದೆ ಹತ್ತಿಯಿಂದ ಬಾಯನ್ನು ತೋಯಿಸುವುದನ್ನು ಮಗನಿಗೋ ಸೊಸೆಗೋ ಒಪ್ಪಿಸುತ್ತಾರೆ. ತುಟಿಗೆ ತುಳಸೀನೀರಿನ ಹನಿ ಬಿಡುವ ನಮ್ಮ ಹಿರಿಯರ ಪದ್ಧತಿಗೆ ಅಂಥವರಲ್ಲಿ ಯಾವ ಅಡ್ಡಿಯೂ ಇಲ್ಲ.

ರೋಗಿಗೆ ಸತ್ಯ ಹೇಳಬೇಕೇ ಎಂಬುದರಲ್ಲಿ ನಮ್ಮ ಸಮಿತಿಯವರಲ್ಲಿಯೇ ಒಮ್ಮತವಿಲ್ಲ. ಕಾಯಿಲೆಯ ಹೆಸರನ್ನು ಮುಚ್ಚಿಡುವುದು ನಮ್ಮ ಮನೆಗಳ ರೂಢಿ. ಒಳ್ಳೆಯ ಕೇಂದ್ರದವರು ಬಲವಂತವಾಗಿ ಹೇಳುವುದೂ ಇಲ್ಲ, ರೋಗಿಯೇ ಕೇಳಿದಾಗ ಸುಳ್ಳಾಡುವುದೂ ಇಲ್ಲ. ಎಷ್ಟು ತಿಳಿಯಬೇಕೆಂಬುದನ್ನು ಆತನಿಂದಲೇ ಕೇಳಿ ತಿಳಿಯುತ್ತಾರೆ. ಬದುಕುವ ಆಸೆಯಿಲ್ಲದ ಸ್ಥಿತಿಯಲ್ಲಿ ಯಂತ್ರಗಳ ಚಿಕಿತ್ಸೆ ತನಗೆ ಬೇಡವೆಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟು 2018ರಲ್ಲಿ ಮಾನ್ಯಮಾಡಿ, 2023ರಲ್ಲಿ ಅದರ ಕ್ರಮವನ್ನು ಸರಳಗೊಳಿಸಿದೆ. ಆ ಪತ್ರವನ್ನು ಇಬ್ಬರು ಸಾಕ್ಷಿಗಳೊಡನೆ ನೋಟರಿಯ ಮುಂದೆ ಮಾಡಿಸಬಹುದು.

ಹಣದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಉಚಿತವಾದುದೆಲ್ಲ ಒಳ್ಳೆಯದಲ್ಲ, ಹಣ ಪಡೆಯುವುದೆಲ್ಲ ಕೆಟ್ಟದ್ದಲ್ಲ. ದರವನ್ನು ಮೊದಲೇ ಬರೆದು ಕೊಡುವರೇ ಎಂಬುದನ್ನು ಮಾತ್ರ ನೋಡಿಕೊಳ್ಳಿರಿ.

ಸಹಾಯಧನದ ಸೂಚನೆಯನ್ನು ಸಮಿತಿಯು ಇನ್ನೂ ತೀರ್ಮಾನಿಸಿಲ್ಲ. ಇಬ್ಬರು ಸದಸ್ಯರು ಮುನ್ಸೂಚನೆ ಕೊಡದೆ ಒಮ್ಮೆ ಹಗಲಿನಲ್ಲಿಯೂ ಒಮ್ಮೆ ರಾತ್ರಿ 9 ಗಂಟೆಯ ಮೇಲೆಯೂ ಹೋಗಿ ನೋಡಿಬರಬೇಕೆಂದು ಗೊತ್ತಾಗಿದೆ. ಈ ನಡುವೆ, ನೋವನ್ನು ಹೇಳುವ ಕನ್ನಡ ಮಾತುಗಳನ್ನೂ ಅವಕ್ಕೆ ಸರಿಯಾದ ತಮಿಳು ಮಾತುಗಳನ್ನೂ ಎದುರುಬದುರಾಗಿ ಬರೆದ ಒಂದು ಚೀಟಿಯನ್ನು ನಮ್ಮ ಮೇಲಿನ ತರಗತಿಯ ಮಕ್ಕಳು ತಮ್ಮ ಅಜ್ಜಅಜ್ಜಿಯರನ್ನು ಕೇಳಿ ಸಿದ್ಧಪಡಿಸಿದ್ದಾರೆ. ಬೇಕಾದವರು ಶಾಲೆಯ ಕಛೇರಿಯಲ್ಲಿ ಕೇಳಿ ಪಡೆಯಬಹುದು.