ಸರ್ಕಾರದ ಸಹಾಯಧನ ಹಠಾತ್ತನೆ ನಿಂತಾಗ ಕುಟುಂಬಗಳು ಅನುಸರಿಸಬೇಕಾದ ಕ್ರಮ
(ಬ್ರೂಕ್‌ಫೀಲ್ಡ್ ಮತ್ತು ಸುತ್ತಲಿನ ಬಡಾವಣೆಗಳ ಫಲಾನುಭವಿಗಳ ತಿಳಿವಳಿಕೆಗಾಗಿ)

1. ಪೀಠಿಕೆ

ಬ್ರೂಕ್‌ಫೀಲ್ಡ್, ಕುಂದಲಹಳ್ಳಿ ಹಾಗೂ ವೈಟ್‌ಫೀಲ್ಡ್ ಭಾಗದ ಕಚೇರಿ ಮತ್ತು ವಸತಿ ಸಮುಚ್ಚಯಗಳಲ್ಲಿ ಸ್ವಚ್ಛತೆ, ಕಾವಲು, ಅಡುಗೆ ಹಾಗೂ ಚಾಲಕ ವೃತ್ತಿಯಲ್ಲಿರುವ ಅನೇಕ ಕುಟುಂಬಗಳಿಗೆ ಗೃಹಲಕ್ಷ್ಮಿ ಯೋಜನೆಯ ಮಾಸಿಕ 2,000 ರೂ. ಮತ್ತು ಮನೆಯ ಹಿರಿಯರ ಪಿಂಚಣಿ ಬಾಡಿಗೆ, ಶಾಲಾ ಶುಲ್ಕ ಹಾಗೂ ಔಷಧಿಯ ಖರ್ಚಿಗೆ ಆಧಾರವಾಗಿವೆ. ಈ ಹಣ ಮುನ್ಸೂಚನೆಯಿಲ್ಲದೆ ನಿಂತಾಗ ಯೋಜನೆಯೇ ರದ್ದಾಯಿತೆಂದು ಭಾವಿಸಿ ಸುಮ್ಮನಾಗುವವರೂ, ಮಧ್ಯವರ್ತಿಗಳ ಮೊರೆ ಹೋಗುವವರೂ ಉಂಟು. ಹಣ ಬಾರದಿರುವುದೆಲ್ಲವೂ ಅನರ್ಹತೆಯಲ್ಲ. ಪಾವತಿಯು ಯಾವ ಹಂತದಲ್ಲಿ ನಿಂತಿದೆ ಎಂಬುದನ್ನು ಮೊದಲು ತಿಳಿದು, ಬಳಿಕ ಆ ಹಂತಕ್ಕೆ ಸಂಬಂಧಿಸಿದ ಕಚೇರಿಯನ್ನು ಸಂಪರ್ಕಿಸುವುದು ಸೂಕ್ತ.

2. ವಿಳಂಬವೋ, ಸ್ಥಗಿತವೋ?

ಗೃಹಲಕ್ಷ್ಮಿ ಕಂತುಗಳು ಪ್ರತಿ ತಿಂಗಳೂ ಒಂದೇ ದಿನಾಂಕದಂದು ಜಮೆಯಾಗುವುದಿಲ್ಲ. ನೆರೆಹೊರೆಯ ಫಲಾನುಭವಿಗಳಿಗೂ ಅದೇ ಕಂತು ಬಂದಿರದಿದ್ದಲ್ಲಿ ಅದು ಬಹುತೇಕ ಹಣ ಬಿಡುಗಡೆಯ ವಿಳಂಬವಾಗಿರುತ್ತದೆ. ಇತರರಿಗೆ ಜಮೆಯಾಗಿ ಒಂದು ಕುಟುಂಬಕ್ಕೆ ಮಾತ್ರ ಬಾರದಿದ್ದರೆ ವಿಚಾರಣೆ ಅಗತ್ಯ.

ಅನ್ನಭಾಗ್ಯ ಯೋಜನೆಯಡಿ 2023ರ ಜುಲೈನಿಂದ ಐದು ಕಿಲೋ ಹೆಚ್ಚುವರಿ ಅಕ್ಕಿಯ ಬದಲಾಗಿ ಪ್ರತಿ ಸದಸ್ಯರಿಗೆ 170 ರೂ. ಖಾತೆಗೆ ಜಮೆಯಾಗುತ್ತಿತ್ತು. 2025ರ ಫೆಬ್ರವರಿಯಿಂದ ಹಣಕ್ಕೆ ಬದಲಾಗಿ ಧಾನ್ಯವನ್ನೇ ನೀಡುವ ಕ್ರಮ ಜಾರಿಗೆ ಬಂದಿತು. ಆದುದರಿಂದ ಈ ಹಣ ಖಾತೆಗೆ ಬಾರದಿರುವುದು ಆ ಕುಟುಂಬಕ್ಕೆ ಮಾತ್ರ ಆದ ಕಡಿತವಲ್ಲ.

3. ಒಂದು ಸೌಲಭ್ಯ ಹೋದರೆ ಎಲ್ಲವೂ ಹೋಗುವುದಿಲ್ಲ

ಪ್ರತಿಯೊಂದು ಯೋಜನೆಗೂ ಪ್ರತ್ಯೇಕ ಅರ್ಹತೆ ಇದೆ.

ಅ) ಗೃಹಲಕ್ಷ್ಮಿ: 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆಗೊಂಡ ಈ ಯೋಜನೆಯು ಪಡಿತರ ಚೀಟಿಯಲ್ಲಿ ಕುಟುಂಬದ ಯಜಮಾನಿ ಎಂದು ನಮೂದಾಗಿರುವ ಮಹಿಳೆಗೆ ಅನ್ವಯಿಸುತ್ತದೆ. ಅಂತ್ಯೋದಯ, ಬಿಪಿಎಲ್ ಮತ್ತು ಎಪಿಎಲ್ ಚೀಟಿದಾರರೆಲ್ಲರೂ ಇದರ ವ್ಯಾಪ್ತಿಗೆ ಬರುತ್ತಾರೆ. ಯಜಮಾನಿ ಅಥವಾ ಆಕೆಯ ಪತಿ ಆದಾಯ ತೆರಿಗೆ ಪಾವತಿದಾರರಾಗಿದ್ದರೆ ಇಲ್ಲವೇ ಜಿಎಸ್‌ಟಿ ವಿವರ ಸಲ್ಲಿಸುವವರಾಗಿದ್ದರೆ ಅರ್ಹತೆ ಇರುವುದಿಲ್ಲ.

ಆ) ಬಿಪಿಎಲ್ ಪಡಿತರ: ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂ. ಮೀರಿದವರು, ಆದಾಯ ತೆರಿಗೆ ಪಾವತಿಸುವವರು, ಸರ್ಕಾರಿ ನೌಕರರು ಹಾಗೂ ಸ್ವಂತ ಬಳಕೆಗೆ ನಾಲ್ಕು ಚಕ್ರದ ವಾಹನ ಹೊಂದಿರುವವರು ಅನರ್ಹರು. ಜೀವನೋಪಾಯಕ್ಕಾಗಿ ಇಟ್ಟುಕೊಂಡ ಒಂದು ಬಾಡಿಗೆ ವಾಹನಕ್ಕೆ ಈ ನಿರ್ಬಂಧವಿಲ್ಲ.

ಇ) ಪಿಂಚಣಿ: 2007ರಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ಯೋಜನೆ 65 ವರ್ಷ ತುಂಬಿದವರಿಗೆ ಅನ್ವಯಿಸುತ್ತದೆ. ಇದು ಹಾಗೂ ವಿಧವಾ ವೇತನ, ಅಂಗವಿಕಲರ ವೇತನಗಳು ಕಂದಾಯ ಇಲಾಖೆಯ ಸಾಮಾಜಿಕ ಭದ್ರತೆ ಮತ್ತು ಪಿಂಚಣಿಗಳ ನಿರ್ದೇಶನಾಲಯಕ್ಕೆ ಒಳಪಟ್ಟಿದ್ದು, ಮಂಜೂರಾತಿ ತಹಶೀಲ್ದಾರರ ಆದೇಶದಿಂದ ಆಗುತ್ತದೆ.

ಬಿಪಿಎಲ್ ಚೀಟಿಯು ಎಪಿಎಲ್‌ಗೆ ಬದಲಾದ ಮಾತ್ರಕ್ಕೆ ಗೃಹಲಕ್ಷ್ಮಿ ಹಣ ನಿಲ್ಲತಕ್ಕದ್ದಲ್ಲ ಎಂಬುದನ್ನು ಫಲಾನುಭವಿಗಳು ಗಮನಿಸಬೇಕು. ಹಾಗೆ ನಿಂತಿದ್ದಲ್ಲಿ ಎರಡಕ್ಕೂ ಪ್ರತ್ಯೇಕ ಅರ್ಜಿ ಸಲ್ಲಿಸಬೇಕಾಗುತ್ತದೆ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಚೀಟಿಗಳ ಪರಿಷ್ಕರಣೆ ನಡೆದಾಗ ಅರ್ಹರ ಚೀಟಿಗಳೂ ರದ್ದಾದವೆಂಬ ದೂರುಗಳು ಬಂದವು. ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಪಾವತಿದಾರರನ್ನು ಹೊರತುಪಡಿಸಿ ಉಳಿದವರ ಚೀಟಿಗಳನ್ನು ಮರಳಿ ನೀಡುವಂತೆ ಸರ್ಕಾರ ಆಗ ಸೂಚಿಸಿತು. ಪಟ್ಟಿಯಿಂದ ಹೆಸರು ಬಿಟ್ಟುಹೋದುದೇ ಅಂತಿಮವಲ್ಲ ಎಂಬುದಕ್ಕೆ ಇದು ನಿದರ್ಶನ.

4. ಸಾಮಾನ್ಯವಾಗಿ ಕಂಡುಬರುವ ಕಾರಣಗಳು

(ಕ) ಹಣ ಬೇರೆ ಖಾತೆಗೆ ಹೋಗಿರುವುದು: ಆಧಾರ್ ಆಧಾರಿತ ನೇರ ನಗದು ವರ್ಗಾವಣೆಯಲ್ಲಿ ಹಣವು ಅರ್ಜಿಯಲ್ಲಿ ಬರೆದ ಖಾತೆಗೆ ಹೋಗದೆ, ಆಧಾರ್ ಸಂಖ್ಯೆಗೆ ಕೊನೆಯದಾಗಿ ಜೋಡಣೆಯಾದ ಬ್ಯಾಂಕಿನ ಖಾತೆಗೆ ಹೋಗುತ್ತದೆ. ಗುತ್ತಿಗೆ ಸಂಸ್ಥೆ ಬದಲಾದಾಗ ಹೊಸ ಸಂಬಳದ ಖಾತೆ ತೆರೆಯುವ ಕಾರ್ಮಿಕರಲ್ಲಿ, ಅರಿವಿಲ್ಲದೆಯೇ ಈ ಜೋಡಣೆ ಹೊಸ ಬ್ಯಾಂಕಿಗೆ ವರ್ಗವಾಗುವ ಸಂಭವವಿದೆ. ಅಂತಹ ಸಂದರ್ಭದಲ್ಲಿ ಹಣ ನಿಂತಿರುವುದಿಲ್ಲ, ಬಳಸದ ಖಾತೆಯಲ್ಲಿ ಉಳಿದಿರುತ್ತದೆ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ 'ಬ್ಯಾಂಕ್ ಜೋಡಣೆ ಸ್ಥಿತಿ'ಯನ್ನು ನೋಡಿ ಇದನ್ನು ಖಚಿತಪಡಿಸಿಕೊಳ್ಳಬಹುದು. ಗುರುತಿನ ದಾಖಲೆಯಾಗಿ ಆಧಾರ್ ಪ್ರತಿ ನೀಡುವುದು ಬೇರೆ, ಸಹಾಯಧನಕ್ಕಾಗಿ ಖಾತೆಯನ್ನು ಜೋಡಿಸುವುದು ಬೇರೆ. ಎರಡನೆಯದಕ್ಕೆ ಬ್ಯಾಂಕಿನಲ್ಲಿ ಪ್ರತ್ಯೇಕ ಒಪ್ಪಿಗೆ ಪತ್ರ ನೀಡತಕ್ಕದ್ದು.

(ಖ) ಬ್ಯಾಂಕುಗಳ ವಿಲೀನ: ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿಯೂ, ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕ್ ಅದೇ ದಿನ ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನಗೊಂಡವು. ಹಳೆಯ ಪಾಸ್‌ಪುಸ್ತಕದ ವಿವರಗಳನ್ನೇ ನೀಡಿರುವವರು ಹೊಸ ಐಎಫ್‌ಎಸ್‌ಸಿ ಸಂಕೇತವನ್ನು ದಾಖಲಿಸಬೇಕು.

(ಗ) ತೆರಿಗೆ ಪಾವತಿದಾರರ ಪಟ್ಟಿಯಲ್ಲಿ ಹೆಸರು: ಸಾಲ ಪಡೆಯಲು ಅಥವಾ ಗುತ್ತಿಗೆದಾರರು ಕಡಿತ ಮಾಡಿದ ತೆರಿಗೆಯನ್ನು ಮರಳಿ ಪಡೆಯಲು ಆದಾಯ ವಿವರ ಸಲ್ಲಿಸಿದವರ ಹೆಸರು ತಪಾಸಣೆಯಲ್ಲಿ ಕಾಣಿಸಿಕೊಳ್ಳಬಹುದು. ವಿವರ ಸಲ್ಲಿಸುವುದೂ ತೆರಿಗೆ ಪಾವತಿಸುವುದೂ ಒಂದೇ ಅಲ್ಲ. ಪಾವತಿಸಬೇಕಾದ ತೆರಿಗೆ ಶೂನ್ಯವೆಂದು ತೋರಿಸುವ ದಾಖಲೆಯನ್ನು ಆದಾಯ ತೆರಿಗೆ ಜಾಲತಾಣದಿಂದ ಪಡೆದು ಮನವಿಯೊಂದಿಗೆ ಲಗತ್ತಿಸತಕ್ಕದ್ದು.

(ಘ) ಯಜಮಾನಿಯ ಮರಣ: ಅತ್ತೆ ತೀರಿಕೊಂಡ ಮನೆಯಲ್ಲಿ ಸೊಸೆಗೆ ಹಣ ತಾನಾಗಿ ವರ್ಗವಾಗುವುದಿಲ್ಲ. ಮರಣ ಪ್ರಮಾಣಪತ್ರ ನೀಡಿ ಪಡಿತರ ಚೀಟಿಯಲ್ಲಿ ಯಜಮಾನಿಯ ಹೆಸರನ್ನು ಬದಲಾಯಿಸಿ, ಹೊಸದಾಗಿ ನೋಂದಾಯಿಸಬೇಕು.

(ಙ) ವಿಳಾಸದಲ್ಲಿ ಇಲ್ಲದಿರುವುದು: ಬಾಡಿಗೆ ಮನೆ ಬದಲಿಸಿದ ಹಿರಿಯರು ಸ್ಥಳ ಪರಿಶೀಲನೆಯ ವೇಳೆ ಸಿಗದಿದ್ದರೆ ಪಿಂಚಣಿ ತಡೆಹಿಡಿಯಲ್ಪಡಬಹುದು. ಮನೆ ಬದಲಿಸಿದ ಕೂಡಲೇ ನಾಡಕಚೇರಿಗೆ ತಿಳಿಸುವುದು ಒಳಿತು.

(ಚ) ಬೆರಳಚ್ಚು ಹೊಂದದಿರುವುದು: ಪಾತ್ರೆ ತೊಳೆಯುವ, ಗಾರೆ ಕೆಲಸ ಮಾಡುವ ಕೈಗಳಲ್ಲಿ ಗೆರೆಗಳು ಸವೆದಿರುತ್ತವೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಆಧಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರಂದು ತೀರ್ಪು ನೀಡಿ, ದೃಢೀಕರಣ ವಿಫಲವಾದ ಕಾರಣಕ್ಕೆ ಅರ್ಹರು ಸೌಲಭ್ಯದಿಂದ ವಂಚಿತರಾಗಬಾರದೆಂಬುದನ್ನು ಗಮನಕ್ಕೆ ತೆಗೆದುಕೊಂಡಿತು. ಇಂತಹವರು ಪರ್ಯಾಯ ವಿಧಾನಕ್ಕಾಗಿ ಕೋರಬಹುದಾಗಿದೆ.

5. ಎಲ್ಲಿ ವಿಚಾರಿಸಬೇಕು?

ಗೃಹಲಕ್ಷ್ಮಿ: ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿ.

ಪಡಿತರ ಚೀಟಿ: ಆಹಾರ ಇಲಾಖೆಯ ಸಂಬಂಧಪಟ್ಟ ವಲಯ ಕಚೇರಿ, ಸಹಾಯವಾಣಿ 1967.

ಪಿಂಚಣಿ: ನಾಡಕಚೇರಿ ಹಾಗೂ ಬೆಂಗಳೂರು ಪೂರ್ವ ತಾಲ್ಲೂಕಿನ ತಹಶೀಲ್ದಾರರ ಕಚೇರಿ, ಕೃಷ್ಣರಾಜಪುರ.

ಆಧಾರ್: ಸಹಾಯವಾಣಿ 1947.

ರಾಯಚೂರು, ಕೊಪ್ಪಳ, ಕಲಬುರಗಿ ಮುಂತಾದ ಜಿಲ್ಲೆಗಳಿಂದ ಬಂದು ನೆಲೆಸಿರುವವರು ತಮ್ಮ ಚೀಟಿಯ ಪಡಿತರವನ್ನು ಇಲ್ಲಿಯೇ ಪಡೆಯಬಹುದು. ಆದರೆ ಊರಿನಲ್ಲಿ ಮಂಜೂರಾದ ಪಿಂಚಣಿಯ ಕಡತ ಆ ತಾಲ್ಲೂಕಿನಲ್ಲಿಯೇ ಇರುವುದರಿಂದ ಮೊದಲ ಮನವಿಯನ್ನು ಅಲ್ಲಿನ ತಹಶೀಲ್ದಾರರಿಗೆ ಸಲ್ಲಿಸಬೇಕು.

6. ಕಾರಣವನ್ನು ಲಿಖಿತವಾಗಿ ಪಡೆಯುವುದು

'ಕಂಪ್ಯೂಟರಿನಲ್ಲಿ ಬರುತ್ತಿಲ್ಲ' ಎಂಬ ಬಾಯಿಮಾತಿನ ಉತ್ತರದ ಮೇಲೆ ಮೇಲ್ಮನವಿ ಸಲ್ಲಿಸಲಾಗದು. ಆದುದರಿಂದ ಮನವಿಯನ್ನು ಬರಹದಲ್ಲಿ ನೀಡಿ, ಇನ್ನೊಂದು ಪ್ರತಿಯ ಮೇಲೆ ದಿನಾಂಕ ಸಹಿತ ಸ್ವೀಕೃತಿ ಪಡೆಯತಕ್ಕದ್ದು. ಹಣ ನಿಂತ ತಿಂಗಳು, ಕೊನೆಯ ಜಮೆಯ ದಿನಾಂಕ ಮತ್ತು ಪಾಸ್‌ಪುಸ್ತಕದ ಪ್ರತಿ ಅದರಲ್ಲಿರಬೇಕು. ಆಡಳಿತಾತ್ಮಕ ನಿರ್ಣಯದಿಂದ ಬಾಧಿತರಾದವರಿಗೆ ಕಾರಣ ತಿಳಿಸುವುದು ಮಾಹಿತಿ ಹಕ್ಕು ಅಧಿನಿಯಮ, 2005ರ ಪ್ರಕರಣ 4(1)(ಡಿ) ಅನ್ವಯ ಕಚೇರಿಯ ಕರ್ತವ್ಯವಾಗಿದೆ. ಉತ್ತರ ಬಾರದಿದ್ದಲ್ಲಿ ಇದೇ ಅಧಿನಿಯಮದಡಿ 10 ರೂ. ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಬಿಪಿಎಲ್ ಕುಟುಂಬಗಳಿಗೆ ಶುಲ್ಕವಿಲ್ಲ. 30 ದಿನಗಳೊಳಗೆ ಉತ್ತರ ನೀಡಬೇಕು.

ಸಕಾಲ ವ್ಯಾಪ್ತಿಯ ಸೇವೆಗಳಿಗೆ ಸಲ್ಲಿಸಿದ ಅರ್ಜಿಗೆ 15 ಅಂಕಿಗಳ ಸಂಖ್ಯೆ ದೊರೆಯುತ್ತದೆ. ನಿಗದಿತ ಅವಧಿ ಮೀರಿದರೆ ಸಕ್ಷಮ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಿ, ದಿನಕ್ಕೆ 20 ರೂ.ನಂತೆ ಗರಿಷ್ಠ 500 ರೂ. ಪರಿಹಾರ ಕೋರಲು ಅವಕಾಶವಿದೆ. ಪಡಿತರ ನಿರಾಕರಣೆಯ ದೂರನ್ನು ರಾಷ್ಟ್ರೀಯ ಆಹಾರ ಭದ್ರತಾ ಅಧಿನಿಯಮ, 2013ರಡಿ ಜಿಲ್ಲಾ ಕುಂದುಕೊರತೆ ನಿವಾರಣಾಧಿಕಾರಿಗೆ, ಅನಂತರ ರಾಜ್ಯ ಆಹಾರ ಆಯೋಗಕ್ಕೆ ಸಲ್ಲಿಸಬಹುದು. ಯಾವುದೇ ಇಲಾಖೆಗೆ ಸಂಬಂಧಿಸಿದ ಕುಂದುಕೊರತೆಯನ್ನು 1902 ಸಂಖ್ಯೆಗೆ ಕರೆ ಮಾಡಿ ದಾಖಲಿಸಬಹುದಾಗಿದೆ.

ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಹಾಗೂ ಕೈಗಾರಿಕಾ ಕಾರ್ಮಿಕರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಸಹಾಯವಾಣಿ: 15100.

7. ಎಚ್ಚರಿಕೆ

ನಿಂತ ಹಣ ಬಿಡಿಸಿಕೊಡುವುದಾಗಿ ದೂರವಾಣಿ ಕರೆ ಮಾಡಿ ಒಟಿಪಿ ಕೇಳುವವರಿಗೆ ಅದನ್ನು ತಿಳಿಸಬಾರದು. ಬರಲಿರುವ ಕಂತಿನ ಭರವಸೆಯ ಮೇಲೆ ಪಾಸ್‌ಪುಸ್ತಕ ಅಥವಾ ಎಟಿಎಂ ಕಾರ್ಡನ್ನು ಅಡವಿಟ್ಟು ಬಡ್ಡಿ ಸಾಲ ಪಡೆಯಬಾರದು. ಸಲ್ಲಿಸಿದ ಪ್ರತಿಯೊಂದು ಅರ್ಜಿಯ ಸ್ವೀಕೃತಿಯನ್ನು ಪ್ರಕರಣ ಮುಗಿಯುವವರೆಗೆ ಕಾಯ್ದಿರಿಸಿಕೊಳ್ಳತಕ್ಕದ್ದು.