ಅಪ್ಪನ ತೇರಿಗೆ ಬಸ್ ಹತ್ತಿ

ಹೋಳಿ ಹುಣ್ಣಿಮೆ ಕಳೆದ ಐದನೆಯ ದಿನ ಕಲಬುರಗಿ ಜಿಲ್ಲೆಯ ಯಾವ ಬಸ್ ನಿಲ್ದಾಣಕ್ಕೆ ಹೋದರೂ ಒಂದೇ ಗದ್ದಲ. ಜೇವರ್ಗಿ, ಆಳಂದ, ಅಫಜಲಪುರ, ಸೇಡಂ, ಚಿಂಚೋಳಿ, ಕಮಲಾಪುರ ಎಲ್ಲ ದಿಕ್ಕಿನ ಜನವೂ ಅಂದು ಒಂದೇ ಊರಿಗೆ ಮುಖ ಮಾಡಿರುತ್ತಾರೆ. ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವವರು, ಮಕ್ಕಳನ್ನು ಮುಂದೆ ಹತ್ತಿಸಿ ಆಮೇಲೆ ತಾವು ಹತ್ತುವವರು, ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದ ಬುತ್ತಿಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಹಿರಿಯ ಹೆಂಗಸರು. ‘ಎಲ್ಲಿಗಿ ಹೊಂಟೀರಿ ಯವ್ವಾ?’ ಎಂದು ಕಂಡಕ್ಟರ್ ಕೇಳುವ ಪ್ರಸಂಗವೇ ಬರುವುದಿಲ್ಲ. ಅಂದು ಕಲಬುರಗಿಯಲ್ಲಿ ಶರಣಬಸವೇಶ್ವರರ ಮಹಾರಥೋತ್ಸವ. ಈ ಸೀಮೆಯ ಬಾಯಲ್ಲಿ ಅಪ್ಪನ ಜಾತ್ರಿ.

ಕರ್ನಾಟಕದ ಮೂಲೆ ಮೂಲೆಯಿಂದಲ್ಲದೆ ಮಹಾರಾಷ್ಟ್ರ, ತೆಲಂಗಾಣ, ಆಂಧ್ರದಿಂದಲೂ ಲಕ್ಷಾಂತರ ಮಂದಿ ಸೇರುವ ಈ ಜಾತ್ರೆಗೆ ಕಾರಿನಲ್ಲಿ ಬರುವವರು ಬೆರಳೆಣಿಕೆಯ ಪಾಲು. ಉಳಿದವರನ್ನು ತರುವುದು ಸರ್ಕಾರಿ ಬಸ್ಸು, ಪ್ಯಾಸೆಂಜರ್ ರೈಲು, ಟಂಟಂ ಆಟೊ, ಮತ್ತು ತಮ್ಮದೇ ಕಾಲು. ಕಲಬುರಗಿಯ ಶರಣಬಸವೇಶ್ವರರ ಗುಡಿಯನ್ನು ಸರಿಯಾಗಿ ಅರಿಯಬೇಕಾದರೆ ಅದರ ಗೋಪುರವನ್ನು ನೋಡಿದಷ್ಟೇ ಗಮನವಿಟ್ಟು ಅದಕ್ಕೆ ಬರುವ ದಾರಿಗಳನ್ನೂ ನೋಡಬೇಕು. ಕೈಯಲ್ಲಿ ಹೆಚ್ಚು ಕಾಸಿಲ್ಲದವನೂ ಬಂದು, ಉಂಡು, ತೇರು ಕಂಡು ಮರಳಬಹುದಾದ ಜಾಗ ಇದು. ಹಾಗೆ ಇರಬೇಕೆಂಬುದೇ ಇದನ್ನು ಕಟ್ಟಿದವರ ಬಯಕೆಯೂ ಆಗಿತ್ತು.

ಹಕ್ಕಿಗೂ ಪಾಲು ಕೊಟ್ಟವರು

ಶರಣಬಸವೇಶ್ವರರು ಹುಟ್ಟಿದ್ದು 1746ರಲ್ಲಿ, ಹಳೆಯ ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ. ಒಕ್ಕಲುತನದ ಮನೆ. ಹೊಲ ಕಾಯಲು ಹೋದಾಗ ತೆನೆಗೆ ಎರಗಿದ ಹಕ್ಕಿಗಳನ್ನು ಅವರು ಕವಣೆ ಬೀಸಿ ಓಡಿಸಲಿಲ್ಲ. ತಿಂದು ದಣಿದ ಹಕ್ಕಿಗಳಿಗೆ ಕುಡಿಯಲು ನೀರನ್ನೂ ಇಟ್ಟರು. ಆದರೂ ರಾಶಿಯ ದಿನ ಕಾಳು ಕಡಿಮೆಯಾಗಲಿಲ್ಲ ಎಂದು ಐತಿಹ್ಯ ಹೇಳುತ್ತದೆ. ಈ ಕಥೆ ಕೇಳದೆ ಬೆಳೆದ ಮಕ್ಕಳು ಈ ಭಾಗದ ಹಳ್ಳಿಗಳಲ್ಲಿ ಸಿಗುವುದು ಅಪರೂಪ. ಮಳೆ ಕೈಕೊಡುವ, ಬರ ಪದೇ ಪದೇ ಬಾಗಿಲು ತಟ್ಟುವ ನಾಡಿನಲ್ಲಿ ಬೆಳೆದದ್ದನ್ನು ಹಂಚಿ ಉಣ್ಣಬೇಕೆಂದು ಹೇಳುವುದು ಸುಲಭದ ಮಾತಾಗಿರಲಿಲ್ಲ. ಶರಣರು ಅದನ್ನು ಬಾಳಿ ತೋರಿಸಿದರು. ಬಂದವರ ಜಾತಿ, ಮತ ಕೇಳದೆ ಊಟಕ್ಕೆ ಕೂರಿಸುವ ದಾಸೋಹವನ್ನು ನಡೆಸಿದರು. ಊರೂರು ಸಂಚರಿಸಿ ಕಲಬುರಗಿಗೆ ಬಂದು ನೆಲೆಸಿ, 1822ರಲ್ಲಿ ಇಲ್ಲಿಯೇ ಲಿಂಗೈಕ್ಯರಾದರು. ಜನ ಅವರನ್ನು ಕರೆದದ್ದು ಮಹಾದಾಸೋಹಿ ಎಂದು.

ಈಗಿನ ದೇವಸ್ಥಾನ ನಿಂತಿರುವುದು ಅವರ ಸಮಾಧಿಯ ಮೇಲೆ. ಗರ್ಭಗುಡಿಯಲ್ಲಿ ಗುರು ಮರುಳಾರಾಧ್ಯರು ಮತ್ತು ಶಿಷ್ಯ ಶರಣಬಸವೇಶ್ವರರ ಜೋಡಿ ಮುಖವಾಡಗಳು ಒಟ್ಟಿಗೇ ಪೂಜೆಗೊಳ್ಳುತ್ತವೆ. ಗುರುವನ್ನು ಬಿಟ್ಟು ಶಿಷ್ಯನಿಗೆ ಕೈಮುಗಿಯುವಂತಿಲ್ಲ. ಮುಂದಿನ ಸಭಾಮಂಟಪದ ಕಂಬಗಳು, ಅವುಗಳ ಮೇಲಿನ ಹೂಬಳ್ಳಿಯ ಕೆತ್ತನೆ, ಕಮಾನುಗಳು ಕಣ್ಣನ್ನು ಹಿಡಿದು ನಿಲ್ಲಿಸುತ್ತವೆ. ಮಧ್ಯಾಹ್ನದ ಹೊತ್ತು ಹೊರಗೆ ನೆಲ ಕಾದ ಹಂಚಿನಂತಾಗಿದ್ದಾಗ ಈ ಮಂಟಪದ ಕಲ್ಲುಹಾಸು ತಂಪಾಗಿಯೇ ಇರುತ್ತದೆ. ದೂರದೂರಿನಿಂದ ಬಂದವರು ದರ್ಶನ ಮುಗಿಸಿ ಇಲ್ಲಿ ಗೋಡೆಗೊರಗಿ ಒಂದು ಜೋಂಪು ನಿದ್ದೆ ತೆಗೆಯುತ್ತಾರೆ. ಹತ್ತಿರದಲ್ಲೇ ಕೆರೆ. ಊರವರಿಗೆ ಅದು ಅಪ್ಪನ ಕೆರೆ; ಸಂಜೆಯ ಗಾಳಿಗೆ ನಗರದ ಅರ್ಧ ಜನ ಹೊರಳುವುದು ಅದರ ದಂಡೆಗೇ.

ಶರಣರ ನಂತರ ಬಂದ ಪೀಠಾಧಿಪತಿಗಳು ಅನ್ನದ ಜೊತೆಗೆ ಅಕ್ಷರವನ್ನೂ ದಾಸೋಹಕ್ಕೆ ಸೇರಿಸಿದರು. ಕಲಬುರಗಿ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದು, ಉರ್ದು ಆಡಳಿತ ಭಾಷೆಯಾಗಿದ್ದ ಕಾಲದಲ್ಲೇ ಏಳನೆಯ ಪೀಠಾಧಿಪತಿ ದೊಡ್ಡಪ್ಪ ಅಪ್ಪ ಅವರು ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದರು. ಎಂಟನೆಯವರಾದ ಡಾ. ಶರಣಬಸವಪ್ಪ ಅಪ್ಪ ಅವರು 1983ರಲ್ಲಿ ಪೀಠವೇರಿ ನಾಲ್ಕು ದಶಕಗಳ ಕಾಲ ಆ ಕೆಲಸವನ್ನು ಬೆಳೆಸಿದರು. ಅವರ ಅವಧಿಯಲ್ಲೇ, 2017ರಲ್ಲಿ, ಶರಣಬಸವ ವಿಶ್ವವಿದ್ಯಾಲಯ ಹುಟ್ಟಿತು. 2025ರ ಆಗಸ್ಟ್ 14ರಂದು ಅವರು ಲಿಂಗೈಕ್ಯರಾದಾಗ ಇಡೀ ಕಲ್ಯಾಣ ಕರ್ನಾಟಕ ಮರುಗಿತು. ಈಗ ಅವರ ಮಗ, ಇನ್ನೂ ಹತ್ತು ದಾಟದ ಬಾಲಕ ದೊಡ್ಡಪ್ಪ ಅಪ್ಪ ಒಂಬತ್ತನೆಯ ಪೀಠಾಧಿಪತಿ.

ತೇರಿನ ಸಂಜೆ

ತೇರು ಎಳೆಯುವುದಕ್ಕೆ ಮುನ್ನಾದಿನ ಉಚ್ಛಾಯಿ, ಅಂದರೆ ಚಿಕ್ಕ ತೇರು. ಮರುದಿನ ಬೆಳಗಿನಿಂದಲೇ ಗುಡಿಯ ಮುಂದಿನ ಬಯಲು ತುಂಬತೊಡಗುತ್ತದೆ. ಬಿಸಿಲು ಇಳಿಯುವ ಹೊತ್ತಿಗೆ ಸುತ್ತಲಿನ ಮನೆಗಳ ಮಾಳಿಗೆ, ಕಾಂಪೌಂಡ್ ಗೋಡೆ, ಮರದ ಕೊಂಬೆ ಯಾವುದೂ ಖಾಲಿ ಇರುವುದಿಲ್ಲ. ಪೀಠಾಧಿಪತಿಗಳು ಪ್ರಸಾದದ ಪರುಷ ಬಟ್ಟಲನ್ನು ಎತ್ತಿ ಭಕ್ತರಿಗೆ ತೋರಿಸುತ್ತಾರೆ. ಎಲ್ಲರೂ ಕಾದು ನಿಂತಿರುವುದು ಆ ಕ್ಷಣಕ್ಕೆ. ಬಟ್ಟಲ ದರ್ಶನವಾದ ಮೇಲೆಯೇ ತೇರಿನ ಹಗ್ಗಕ್ಕೆ ಕೈ. ‘ಮಹಾದಾಸೋಹಿ ಶರಣಬಸವೇಶ್ವರ ಮಹಾರಾಜ್ ಕೀ ಜೈ’ ಎಂಬ ಕೂಗು ಒಂದು ತುದಿಯಲ್ಲಿ ಎದ್ದು ಇನ್ನೊಂದು ತುದಿಗೆ ಹಬ್ಬುತ್ತದೆ. ನಾಲ್ಕೂ ಕಡೆಯಿಂದ ಉತ್ತತ್ತಿ, ಬಾಳೆಹಣ್ಣು ತೇರಿನ ಮೇಲೆ ಬೀಳುತ್ತವೆ. ಹರಕೆ ಹೊತ್ತವರು ಗುರಿಯಿಟ್ಟು ಎಸೆಯುತ್ತಾರೆ; ಕೆಳಗೆ ಬಿದ್ದದ್ದನ್ನು ಮಕ್ಕಳು ಪ್ರಸಾದವೆಂದು ಆರಿಸಿಕೊಳ್ಳುತ್ತಾರೆ.

ಜಾತ್ರೆ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಮುಂದೆ ಎರಡು ವಾರ ಅಂಗಡಿಗಳು, ತೊಟ್ಟಿಲುಗಳು, ಬಳೆ, ಪಾತ್ರೆ, ಬೆಂಡು ಬತ್ತಾಸು, ಮಿರ್ಚಿ ಭಜಿಯ ಸಾಲು. ಅಷ್ಟರಲ್ಲಾಗಲೇ ತೊಗರಿಯ ರಾಶಿ ಮುಗಿದಿರುತ್ತದೆ, ಬಿಳಿಜೋಳವೂ ಮನೆ ಸೇರುತ್ತಿರುತ್ತದೆ. ಕಲಬುರಗಿ ತೊಗರಿಬೇಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದು 2019ರಲ್ಲಿ. ಆದರೆ ತೊಗರಿ ಮಾರಿದ ದುಡ್ಡಿನಲ್ಲಿ ಮಗಳಿಗೆ ಜಾತ್ರೆಯಲ್ಲಿ ಬಳೆ ಇಡಿಸುವ ವಾಡಿಕೆ ಇಲ್ಲಿ ಬಹಳ ಹಳೆಯದು. ಕೈಯಲ್ಲಿ ಒಂದಿಷ್ಟು ಬಿಡುವು, ಒಂದಿಷ್ಟು ರೊಕ್ಕ ಎರಡೂ ಇರುವ ದಿನಗಳಲ್ಲೇ ಜಾತ್ರೆ ಬರುತ್ತದೆ.

ಹಳಿ ಬಂತು, ಬಸ್ಸು ಬಂತು

ಮುಂಬೈನಿಂದ ಹೊರಟ ರೈಲುಹಳಿ ಸೊಲ್ಲಾಪುರ, ಕಲಬುರಗಿ ದಾಟಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿತು. ಅಂದಿನಿಂದ ಸೊಲ್ಲಾಪುರ, ದುಧನಿ, ಗಾಣಗಾಪುರ ರೋಡ್, ಶಹಾಬಾದ್, ವಾಡಿ ಕಡೆಯ ಭಕ್ತರಿಗೆ ಎತ್ತಿನ ಗಾಡಿಯ ದಿನಗಟ್ಟಲೆಯ ದಾರಿ ಕೆಲವು ತಾಸಿನದಾಯಿತು. ಬಸ್ಸು ಬಂದದ್ದು ಆಮೇಲೆ. ಹೈದರಾಬಾದ್ ಸಂಸ್ಥಾನದಲ್ಲಿ ನಿಜಾಮ್ ರೈಲ್ವೆಯ ರಸ್ತೆ ಸಾರಿಗೆ ವಿಭಾಗ 1932ರಲ್ಲಿ 27 ಬಸ್ಸುಗಳೊಂದಿಗೆ ಶುರುವಾಯಿತು. ಕಲಬುರಗಿ 1956ರಲ್ಲಿ ಕನ್ನಡ ನಾಡನ್ನು ಸೇರಿದ ಮೇಲೆ ರಾಜ್ಯದ ಸಾರಿಗೆಯೇ ಇಲ್ಲಿಗೂ ಬಂತು. 2000ದ ಆಗಸ್ಟ್ 15ರಂದು ಕಲಬುರಗಿಯನ್ನೇ ಕೇಂದ್ರವಾಗಿಸಿಕೊಂಡು ಈಶಾನ್ಯ ಸಾರಿಗೆ ಸಂಸ್ಥೆ ಹುಟ್ಟಿತು. ಈಗ ಅದರ ಹೆಸರು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ. ಜಾತ್ರೆಯ ದಿನಗಳಲ್ಲಿ ನಿಗಮ ಹೆಚ್ಚುವರಿ ಬಸ್ ಬಿಡುತ್ತದೆ. ನಗರದೊಳಗೆ ಓಡುವ ಬಸ್ಸುಗಳಿಗೆ ಈ ನೆಲದ ರಾಷ್ಟ್ರಕೂಟ ದೊರೆ ನೃಪತುಂಗನ ಹೆಸರಿದೆ.

ಈಚಿನ ವರ್ಷಗಳಲ್ಲಿ ಎರಡು ಬದಲಾವಣೆಗಳು ಜಾತ್ರೆಯ ದಾರಿಯನ್ನೇ ಹಗುರ ಮಾಡಿವೆ. ಮೊದಲನೆಯದು ಬೀದರ್ ರೈಲು. 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾದ 110 ಕಿಲೋಮೀಟರ್ ಹಳಿ ಹುಮನಾಬಾದ್, ಕಮಲಾಪುರಗಳನ್ನು ಕಲಬುರಗಿಗೆ ಜೋಡಿಸಿತು. ಅದಕ್ಕೂ ಮೊದಲು ಬೀದರಿನವರು ರೈಲಿನಲ್ಲೇ ಬರಬೇಕೆಂದರೆ ವಿಕಾರಾಬಾದ್, ವಾಡಿ ಸುತ್ತಿ ಬರಬೇಕಿತ್ತು. ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಬೆಳೆಗಾರ ಈಗ ಹೆದ್ದಾರಿಯ ಬಸ್ಸನ್ನಾದರೂ ಹಿಡಿಯಬಹುದು, ರೈಲನ್ನಾದರೂ ಹಿಡಿಯಬಹುದು.

ಎರಡನೆಯದು 2023ರ ಜೂನ್ 11ರಂದು ಜಾರಿಯಾದ ಶಕ್ತಿ ಯೋಜನೆ. ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ದರ ಶೂನ್ಯ. ಮಹಾರಾಷ್ಟ್ರ ಅದೇ ವರ್ಷ ಮಾರ್ಚ್‌ನಲ್ಲಿ ತನ್ನ ಬಸ್ಸುಗಳಲ್ಲಿ ಮಹಿಳೆಯರಿಗೆ ಅರ್ಧ ದರ ಮಾಡಿತ್ತು; ತೆಲಂಗಾಣ ಡಿಸೆಂಬರ್‌ನಲ್ಲಿ ಉಚಿತ ಪ್ರಯಾಣ ಕೊಟ್ಟಿತು. ಹೀಗೆ ಅಪ್ಪನ ಭಕ್ತರಿರುವ ರಾಜ್ಯಗಳ ಪೈಕಿ ಮೂರು ಒಂದೇ ವರ್ಷದಲ್ಲಿ ಹೆಣ್ಣುಮಕ್ಕಳ ದಾರಿಖರ್ಚನ್ನು ಇಳಿಸಿದವು. ಕೂಲಿ ಹಣದಲ್ಲಿ ಮನೆಮಂದಿಯ ಟಿಕೆಟ್ ಲೆಕ್ಕ ಹಾಕಿ ‘ನೀವು ಹೋಗಿ ಬರ್ರಿ, ನಾ ಮುಂದಿನ ವರ್ಷ ಬರ್ತೀನಿ’ ಎಂದು ಹಿಂದೆ ಉಳಿಯುತ್ತಿದ್ದವಳು ಹೆಚ್ಚಾಗಿ ಮನೆಯ ಹೆಂಗಸೇ. ಆ ಮಾತನ್ನು ಈಗ ಆಕೆ ಆಡಬೇಕಾಗಿಲ್ಲ. ಗುಡಿ ಊಟಕ್ಕೆ ಕಾಸು ಕೇಳದು, ಬಸ್ಸು ಆಕೆಗೆ ಟಿಕೆಟ್ಟಿನ ಕಾಸು ಕೇಳದು. ಶರಣರ ದಾಸೋಹದ ನೀತಿಗೆ ಇದಕ್ಕಿಂತ ಹತ್ತಿರವಾದ ಸರ್ಕಾರಿ ಯೋಜನೆ ನನಗೆ ಕಾಣುವುದಿಲ್ಲ.

ಮರಳುವ ದಾರಿ

ದೊಡ್ಡ ಜನಸಂದಣಿಗೆ ದಾರಿ ಮಾಡಿಕೊಡುವ ಕೆಲಸವನ್ನು ಜಗತ್ತಿನ ಹಲವು ನಗರಗಳು ತಮ್ಮ ತಮ್ಮ ರೀತಿಯಲ್ಲಿ ಕಲಿತಿವೆ. ಅಮೆರಿಕದ ಷಿಕಾಗೋದಲ್ಲಿ 1914ರಿಂದ ಬೇಸ್‌ಬಾಲ್ ಪಂದ್ಯ ನಡೆಯುತ್ತಿರುವ ರಿಗ್ಲಿ ಫೀಲ್ಡ್ ಇರುವುದು ಮನೆಗಳ ನಡುವೆ. ಕಾರು ನಿಲ್ಲಿಸಲು ಜಾಗವೇ ಕಮ್ಮಿ. ಆದರೆ ಆ್ಯಡಿಸನ್ ರೈಲು ನಿಲ್ದಾಣ ಕೂಗಳತೆಯಲ್ಲೇ ಇದೆ. ಪಂದ್ಯದ ದಿನ ಜನ ರೈಲಿನಲ್ಲೇ ಬಂದು ರೈಲಿನಲ್ಲೇ ಹೋಗುತ್ತಾರೆ. ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂಗಂತೂ ಅದೇ ಹೆಸರಿನ ಸಬ್‌ವೇ ನಿಲ್ದಾಣವಿದೆ. ಬಾಗಿಲಿನವರೆಗೆ ಜನರನ್ನು ತರುವ ಸಾರಿಗೆ ಇದ್ದರೆ ಮಾತ್ರ ಸಾಲದು ಎಂಬುದನ್ನು ನಮ್ಮ ಬೆಂಗಳೂರು ಕಣ್ಣೀರಿನಲ್ಲಿ ಕಂಡಿದೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ಕ್ರಿಕೆಟ್ ವಿಜಯೋತ್ಸವಕ್ಕೆ ಸೇರಿದವರ ಕಾಲ್ತುಳಿತದಲ್ಲಿ 11 ಜೀವಗಳು ಹೋದವು. ಕ್ರೀಡಾಂಗಣದ ಪಕ್ಕದಲ್ಲೇ ಮೆಟ್ರೊ ಇತ್ತು. ಇಲ್ಲದೆ ಹೋದದ್ದು ಬಂದವರು ಎಲ್ಲಿ ನಿಲ್ಲಬೇಕು, ಯಾವ ಕಡೆ ಸರಿಯಬೇಕು, ಹೇಗೆ ಮರಳಬೇಕು ಎಂಬ ಏರ್ಪಾಡು.

ಕಲಬುರಗಿಯ ಜಾತ್ರೆಗೂ ಈ ಮಾತು ತಾಗುತ್ತದೆ. ಜನ ಬರುವುದು ಬೆಳಗಿನಿಂದ ಸಂಜೆಯವರೆಗೆ, ಹತ್ತಾರು ತಾಸಿನಲ್ಲಿ ಚೆದುರಿ. ಮರಳುವುದು ಮಾತ್ರ ತೇರು ನಿಂತ ಬಳಿಕ, ಕತ್ತಲಾದ ಮೇಲೆ, ಎಲ್ಲರೂ ಒಟ್ಟಿಗೆ. ತಾಲ್ಲೂಕು ಕೇಂದ್ರದವರಿಗೆ ಬಸ್ಸು ಸಿಕ್ಕೀತು. ಅಲ್ಲಿಂದ ಒಳಗಿನ ಹಳ್ಳಿಗೆ ಹೋಗುವವರಿಗೆ ಕೊನೆಯ ಬಸ್ಸು ತೇರು ಎಳೆಯುವ ಹೊತ್ತಿಗೇ ಹೊರಟುಬಿಟ್ಟಿರುತ್ತದೆ. ಆಗ ಉಳಿಯುವುದು ದುಬಾರಿ ಟಂಟಂ ಅಥವಾ ನಿಲ್ದಾಣದ ಬೆಂಚು. ಅದಕ್ಕಾಗಿಯೇ ಎಷ್ಟೋ ಕುಟುಂಬಗಳು ದರ್ಶನ ಮಾಡಿ, ತೇರು ನೋಡದೆಯೇ ಹಿಂದಿರುಗುತ್ತವೆ.

ಇದಕ್ಕೆ ಕೋಟಿಗಳ ಯೋಜನೆ ಬೇಡ. ದಿಕ್ಕಿಗೊಂದು ತಾತ್ಕಾಲಿಕ ನಿಲ್ದಾಣ ಮಾಡಿ, ಯಾವ ಊರಿನ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ದೊಡ್ಡ ಕನ್ನಡ ಅಕ್ಷರದಲ್ಲಿ ಬರೆದು ಹಾಕಲಿ. ತೇರು ನಿಂತ ಎರಡು ತಾಸಿನ ನಂತರವೂ ಹಳ್ಳಿಗಳಿಗೆ ಒಂದೊಂದು ಬಸ್ಸು ಇರಲಿ. ಅದರ ವೇಳೆಯನ್ನು ವಾರದ ಮೊದಲೇ ಗ್ರಾಮ ಪಂಚಾಯಿತಿಗಳಿಗೆ ತಿಳಿಸಲಿ. ನಿಲ್ದಾಣಗಳಲ್ಲಿ ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಶೌಚಾಲಯ, ಬೆಳಕು ಇರಲಿ. ಉಂಡು ಹೋಗು ಎಂದು ಕರೆಯುವ ಊರು ಕ್ಷೇಮವಾಗಿ ಮನೆ ಸೇರಿಸುವ ಹೊಣೆಯನ್ನೂ ಹೊರಬೇಕು.

ಹೋಗುವವರಿಗೆ

ಬೆಂಗಳೂರಿನಿಂದ ಉದ್ಯಾನ್, ಬಸವ, ಕರ್ನಾಟಕ ಎಕ್ಸ್‌ಪ್ರೆಸ್‌ಗಳು ಕಲಬುರಗಿ ಮುಟ್ಟಿಸುತ್ತವೆ. 2024ರ ಮಾರ್ಚ್‌ನಿಂದ ವಂದೇ ಭಾರತ್ ಕೂಡ ಇದೆ. ರೈಲು ನಿಲ್ದಾಣದಿಂದ ಗುಡಿಗೆ ಆಟೊ, ಸಿಟಿ ಬಸ್ ಎರಡೂ ಸಿಗುತ್ತವೆ. ಜಾತ್ರೆಯ ದಿನ ಜಗತ್ ವೃತ್ತದ ಆಚೆ ವಾಹನ ಸರಿಯುವುದೇ ಕಷ್ಟ, ಕೊನೆಯ ದಾರಿಯನ್ನು ನಡೆದೇ ಸಾಗುವುದು ಮೇಲು. ಶಕ್ತಿ ಯೋಜನೆಯಲ್ಲಿ ಪ್ರಯಾಣಿಸುವವರು ಗುರುತಿನ ಚೀಟಿ ಇಟ್ಟುಕೊಳ್ಳಬೇಕು. ಮಾರ್ಚ್ ಬಿಸಿಲಿಗೆ ತಲೆಗೆ ವಸ್ತ್ರ, ಕೈಗೆ ನೀರಿನ ಬಾಟಲಿ ಬೇಕು. ಮಕ್ಕಳ ಕಿಸೆಯಲ್ಲಿ ಮನೆಯ ಫೋನ್ ನಂಬರ್ ಬರೆದ ಚೀಟಿ ಇರಲಿ. ಬಸ್ಸಿನಿಂದ ಇಳಿದ ಕೂಡಲೇ ಗುಡಿಯ ಕಡೆ ಓಡುವ ಮೊದಲು, ನಿಮ್ಮೂರಿಗೆ ಮರಳುವ ಕೊನೆಯ ಬಸ್ಸು ಎಷ್ಟು ಗಂಟೆಗೆ, ಎಲ್ಲಿಂದ ಹೊರಡುತ್ತದೆ ಎಂದು ಕಂಟ್ರೋಲರ್ ಬಳಿ ಕೇಳಿಕೊಳ್ಳಿ. ತೇರು ಇಲ್ಲದ ದಿನಗಳಲ್ಲೂ ಗುಡಿ ತೆರೆದೇ ಇರುತ್ತದೆ. ಸೋಮವಾರ, ಅದರಲ್ಲೂ ಶ್ರಾವಣದ ಸೋಮವಾರ ಜನ ಹೆಚ್ಚು. ಗದ್ದಲವಿಲ್ಲದೆ ಮಂಟಪದ ಕೆತ್ತನೆ ನೋಡಬೇಕೆನ್ನುವವರು ವಾರದ ನಡುವಿನ ಯಾವುದಾದರೂ ಬೆಳಿಗ್ಗೆ ಬರಬಹುದು.